ಹಾಜರಿ ಕೂಗಿದ ಹಾಗೆ ಕನಸು ಕೇಳಿದ್ದು

‘ಮುಂದೆ ಏನಾಗಲು ಇಷ್ಟ’ ಎಂಬ ಕಾಲಂ ಇರುವ ಶೀಟ್ ಮಧ್ಯಾಹ್ನ ವಾಟ್ಸಾಪ್ ಗ್ರೂಪಿಗೆ ಬಿತ್ತು. ಸಂಜೆ ಐದರೊಳಗೆ ಭರ್ತಿ ಮಾಡಿ ಕಳಿಸಬೇಕು. ಸಕಲೇಶಪುರದ ಕಡೆಯ ಸರ್ಕಾರಿ ಪ್ರೌಢಶಾಲೆ, ಒಂಬತ್ತನೇ ತರಗತಿ, ಕ್ಲಾಸ್ ಟೀಚರ್ ನಾನು. ಸಿಕ್ಕಿದ್ದು ಕೊನೇ ಪೀರಿಯಡ್ ಒಂದೇ.

ಹಾಜರಿ ಪುಸ್ತಕ ತೆಗೆದು ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳತೊಡಗಿದೆ. ನಮ್ಮ ಪುಸ್ತಕದಲ್ಲಿ ಗಂಡುಮಕ್ಕಳ ಹೆಸರು ಮೊದಲು, ಹೆಣ್ಣುಮಕ್ಕಳದ್ದು ಆಮೇಲೆ. ಒಂದನೇ ನಂಬರಿನವನು ‘ಪೊಲೀಸ್’ ಅಂದ. ಮುಂದಿನವರು ಮಿಲಿಟ್ರಿ, ಪೊಲೀಸ್, ಇಂಜಿನಿಯರ್, ಮತ್ತೆ ಪೊಲೀಸ್. ಹನ್ನೊಂದನೆಯವನು ಎದ್ದು ನಿಂತು ಬೆಂಚಿನ ಅಂಚನ್ನು ಉಗುರಿನಲ್ಲಿ ಕೆರೆಯುತ್ತಾ, ‘ನರ್ಸಿಂಗ್ ಮೇಡಂ’ ಅಂದ.

ಒಂದು ಕ್ಷಣ ಸದ್ದಿಲ್ಲ. ಹಿಂದಿನ ಬೆಂಚಿನಿಂದ ಯಾರೋ ‘ಸಿಸ್ಟರ್, ಇಂಜೆಕ್ಷನ್!’ ಅಂದರು. ಇಡೀ ಕ್ಲಾಸು ನಕ್ಕಿತು, ಹುಡುಗಿಯರ ಸಾಲೂ ಸೇರಿ. ಅವನ ಕಿವಿ ಕೆಂಪಗಾಯಿತು, ಕೆರೆಯುತ್ತಿದ್ದ ಬೆರಳು ನಿಂತಿತು. ಆಗ ನಾನು ನಕ್ಕವರ ಕಡೆ ತಿರುಗಬೇಕಿತ್ತು. ತಿರುಗಿದ್ದು ಅವನ ಕಡೆಗೆ. ಮುಜುಗರದಿಂದ ಪಾರು ಮಾಡುತ್ತಿದ್ದೇನೆ ಅಂದುಕೊಂಡು, ‘ಡಾಕ್ಟರ್ ಅಂತ ಬರ್ಕೊಳ್ಳಲೇನೋ?’ ಅಂದೆ. ಅವನು ತಲೆಯಾಡಿಸಿ ಕೂತ. ನಾನು ಶೀಟಿನಲ್ಲಿ ‘ಡಾಕ್ಟರ್’ ಅಂತ ಆರಿಸಿದೆ.

ಹಿಂದಿನ ಬೆಂಚಿನವರು ತಮಾಷೆ ಮಾಡಿದ್ದರು. ಅದು ಗಂಡುಹುಡುಗ ಹೇಳಿಕೊಳ್ಳುವ ಕೆಲಸವಲ್ಲ ಎಂದು ಮೊಹರು ಒತ್ತಿದವಳು ನಾನು. ಅವನಾದ ಮೇಲೆ ಒಬ್ಬನೂ ಸಾಲು ಬಿಟ್ಟು ಮಾತಾಡಲಿಲ್ಲ. ಹುಡುಗಿಯರ ಸರದಿ ಬಂದಾಗ ‘ಟೀಚರ್’ ಎಂಬ ಉತ್ತರ ಎದುರಿಗೆ ನಿಂತ ನನ್ನನ್ನೇ ನೋಡಿ ಬಂದ ಹಾಗಿತ್ತು. ಒಬ್ಬಳಂತೂ ‘ನೀವೇ ಏನಾದ್ರೂ ಬರ್ಕೊಳ್ಳಿ ಮೇಡಂ’ ಅಂದಳು. ಅವಳ ಮುಂದೆಯೂ ‘ಟೀಚರ್’ ಅಂತಲೇ ಬರೆದೆ.

ಆ ಹುಡುಗನ ಅಜ್ಜಿ ಹಾಸನದ ಹಿಮ್ಸ್‌ನಲ್ಲಿ ಅಡ್ಮಿಟ್ ಆಗಿದ್ದಾಗ ರಾತ್ರಿ ಜೊತೆಗಿದ್ದವನು ಅವನೇ. ವಾರ್ಡಿನಲ್ಲಿ ರಾತ್ರಿ ಡ್ಯೂಟಿಯ ನರ್ಸಿಂಗ್ ಆಫೀಸರ್ ಗಂಡಸು. ಡ್ರಿಪ್ಪಿನ ಹನಿ ಎಣಿಸಿ ವೇಗ ಸರಿಮಾಡುವುದನ್ನು ಇವನು ಪಕ್ಕದಲ್ಲಿ ನಿಂತು ನೋಡಿದ್ದಾನೆ. ನಾನು ಶೀಟಿನಲ್ಲಿ ಅಳಿಸಿದ್ದು ಅವನು ಕಣ್ಣಾರೆ ಕಂಡ ಕೆಲಸವನ್ನು. ಉಳಿದ ಎಷ್ಟೋ ಮಕ್ಕಳ ಉತ್ತರಕ್ಕೆ ಅಷ್ಟು ಆಧಾರವೂ ಇರಲಿಲ್ಲ.

‘ಏನಾದ್ರೂ ಬರ್ಕೊಳ್ಳಿ’ ಅಂದವಳ ವಿಷಯ ಗೊತ್ತಾಗಿದ್ದು ಎನ್‌ಎಸ್‌ಕ್ಯೂಎಫ್ ಎಂಬ ವೃತ್ತಿಶಿಕ್ಷಣದ ಲ್ಯಾಬಿನಲ್ಲಿ. ನಮ್ಮಲ್ಲಿ ತೃತೀಯ ಭಾಷೆಯ ಬದಲು ತೆಗೆದುಕೊಳ್ಳಲು ಎರಡು ಟ್ರೇಡ್ ಇವೆ: ಆಟೊಮೊಬೈಲ್, ಬ್ಯೂಟಿ ಅಂಡ್ ವೆಲ್‌ನೆಸ್. ಹಂಚಿಕೆ ಮಾಡುವಾಗ ಯಾರನ್ನೂ ಕೇಳಿರಲಿಲ್ಲ. ಹುಡುಗರು ಒಂದಕ್ಕೆ, ಹುಡುಗಿಯರು ಇನ್ನೊಂದಕ್ಕೆ, ಬೆಂಚಿನ ಸಾಲಿನ ಪ್ರಕಾರ. ಒಂದು ದಿನ ಬ್ಯೂಟಿ ಟ್ರೇಡಿನ ಟ್ರೈನರ್ ರಜೆ ಇದ್ದರು, ಎಲ್ಲರನ್ನೂ ಆಟೊಮೊಬೈಲ್ ಲ್ಯಾಬಿಗೆ ಕೂರಿಸಿದೆವು. ಮೇಜಿನ ಮೇಲೆ ಬಿಚ್ಚಿಟ್ಟ ಸ್ಪಾರ್ಕ್ ಪ್ಲಗ್‌ಗಳು. ಅವಳು ಒಂದನ್ನು ಎತ್ತಿ ತುದಿಯನ್ನು ಹೆಬ್ಬೆರಳಿನಿಂದ ಉಜ್ಜಿ, ಬೆರಳು ನೋಡಿಕೊಂಡು, ‘ಇದು ಟೂ ಸ್ಟ್ರೋಕಿಂದು. ಪೆಟ್ರೋಲಿಗೆ ಆಯಿಲ್ ಜಾಸ್ತಿ ಬೆರೆಸಿದಾರೆ’ ಅಂದಳು. ಒಣ ಮಸಿ ಹಿಡಿದ ಪ್ಲಗ್ ಬೇರೆ, ಜಿಡ್ಡು ಹಿಡಿದು ಒದ್ದೆ ಕಪ್ಪಾದ ಪ್ಲಗ್ ಬೇರೆ. ಅವಳ ಮನೆಯಲ್ಲಿ ಕಾಫಿಗೆ ಔಷಧಿ ಹೊಡೆಯುವ ಪವರ್ ಸ್ಪ್ರೇಯರ್ ಇದೆ, ಸೀಸನ್ನಿನಲ್ಲಿ ಅದರ ಪ್ಲಗ್ ಬಿಚ್ಚಿ ಉಜ್ಜುವವಳು ಅವಳೇ. ಆದರೆ ಅದು ಒಂದು ಉದ್ಯೋಗವಾದೀತು ಎಂದು ಮನೆಯಲ್ಲಾಗಲಿ ಶಾಲೆಯಲ್ಲಾಗಲಿ ಯಾರೂ ಅವಳಿಗೆ ಹೇಳಿರಲಿಲ್ಲ.

ಲಿಂಡಾ ಗಾಟ್‌ಫ್ರೆಡ್‌ಸನ್ ಎಂಬ ಅಮೆರಿಕದ ಸಂಶೋಧಕಿ 1981ರಲ್ಲಿ ಮಂಡಿಸಿದ ಸಿದ್ಧಾಂತದಲ್ಲಿ ಇದಕ್ಕೊಂದು ಕ್ರಮ ಇದೆ. ಆರರಿಂದ ಎಂಟು ವರ್ಷದೊಳಗೆ ಮಗು ‘ಇದು ಗಂಡಸರ ಕೆಲಸ, ಇದು ಹೆಂಗಸರದು’ ಎಂದು ಒಂದು ಗುಂಪನ್ನು ಕೈಬಿಡುತ್ತದೆ. ಒಂಬತ್ತರಿಂದ ಹದಿಮೂರರೊಳಗೆ ‘ನಮ್ಮಂಥವರಿಗೆ ಎಟುಕುವುದಿಲ್ಲ’ ಅಥವಾ ‘ಮರ್ಯಾದೆ ಇಲ್ಲದ ಕೆಲಸ’ ಎಂದು ಇನ್ನೊಂದಷ್ಟನ್ನು. ತನ್ನ ಇಷ್ಟವೇನು ಎಂದು ಯೋಚಿಸುವುದು ಹದಿನಾಲ್ಕರ ನಂತರ, ಉಳಿದಷ್ಟರ ಒಳಗೆ. ಅಂದರೆ ನಮ್ಮ ಫಾರಂ ಮಕ್ಕಳ ಕೈಗೆ ಹೋಗುವ ಹೊತ್ತಿಗೆ ಎರಡು ಜರಡಿ ಹಿಡಿದು ಆಗಿರುತ್ತದೆ. ನಲವತ್ತು ಜನರೆದುರು ಎದ್ದು ನಿಲ್ಲಿಸಿ ಕೇಳುವುದು ಮೂರನೇ ಜರಡಿ. ಅದನ್ನು ಹಿಡಿಯುವವರು ನಾವು.

ಈಗ ಕೇಳುವ ವಿಧಾನ ಬದಲಾಯಿಸಿದ್ದೇನೆ. ಕೊನೇ ಪೀರಿಯಡ್ ಬೇಡ, ಬೆಳಗಿನ ಮೊದಲ ಪೀರಿಯಡ್. ಎ4 ಹಾಳೆಯ ಕಾಲು ಭಾಗ, ಹೆಸರಿಲ್ಲ. ಮೂರು ಪ್ರಶ್ನೆ: ಯಾವ ಕೆಲಸವನ್ನು ನೀನು ಅರ್ಧ ಗಂಟೆಯಾದರೂ ನಿಂತು ನೋಡಿದ್ದೀಯ? ಮನೆಯವರಿಗೂ ಕ್ಲಾಸಿನವರಿಗೂ ಗೊತ್ತಾಗದ ಹಾಗಿದ್ದರೆ ಯಾವ ಕೆಲಸ ಆರಿಸುತ್ತೀಯ? ಅದಕ್ಕೆ ಅಡ್ಡ ಏನು? ಮಡಿಸಿ ಚಾಕ್‌ಪೀಸ್ ಡಬ್ಬಕ್ಕೆ ಹಾಕಬೇಕು. ಡಬ್ಬ ನಾನೇ ಹಿಡಿದುಕೊಂಡು ಓಡಾಡುತ್ತೇನೆ. ಕ್ಲಾಸ್ ಲೀಡರ್ ಕೈಗೆ ಕೊಟ್ಟರೆ ದಾರಿಯಲ್ಲೇ ಬಿಚ್ಚಿ ಓದುತ್ತಾರೆ, ಹಾಗೆ ಆಗಿದೆ. ಹೆಸರು ಸಮೇತ ಭರ್ತಿ ಮಾಡುವ ಶೀಟಿಗೆ ಸ್ಟಾಫ್‌ರೂಮಿನ ಬಾಗಿಲ ಬಳಿ ಒಬ್ಬೊಬ್ಬರನ್ನೇ ಕರೆಯುತ್ತೇನೆ. ತಲಾ ಎರಡು ನಿಮಿಷ, ನಲವತ್ತು ಮಕ್ಕಳಿಗೆ ಎಂಬತ್ತು ನಿಮಿಷ. ಬಿಸಿಯೂಟದ ಬಿಡುವಿನಲ್ಲಿ ನಾಲ್ಕು ದಿನಕ್ಕೆ ಮುಗಿಯುತ್ತದೆ. ಸಂಜೆ ಐದರ ಗಡುವು ಕೊಡುವವರು ಈ ಲೆಕ್ಕ ಒಮ್ಮೆ ಹಾಕಿ ನೋಡಬೇಕು. ಅವರ ಶೀಟಿನಲ್ಲಿ ‘ಯಾಕೆ’ ಎಂಬ ಕಾಲಂ ಇಲ್ಲ, ‘ಅಡ್ಡಿ ಏನು’ ಎಂಬುದೂ ಇಲ್ಲ. ಬರೀ ಡ್ರಾಪ್‌ಡೌನ್, ಅದರಲ್ಲಿ ವೆಲ್ಡರ್ ಎಂಬ ಆಯ್ಕೆಯೇ ಇಲ್ಲ.

ಹೆಸರಿಲ್ಲದ ಚೀಟಿಗಳಲ್ಲಿ ‘ಟೀಚರ್’, ‘ಪೊಲೀಸ್’ ಎರಡೂ ಕಡಿಮೆಯಾದವು. ಫೋಟೊಗ್ರಾಫರ್, ಕೇಕ್ ಮಾಡುವುದು, ಜೆಸಿಬಿ, ಲ್ಯಾಬ್ ಟೆಕ್ನಿಷಿಯನ್, ಟೈಲರ್ ಬಂದವು. ಮೂರನೇ ಪ್ರಶ್ನೆಗೆ ಬಂದ ಉತ್ತರಗಳೇ ಹೆಚ್ಚು ಉಪಯೋಗಕ್ಕೆ ಬಂದದ್ದು: ‘ಅಪ್ಪ ಬೈತಾರೆ’, ‘ಅಲ್ಲಿ ಬರೀ ಹುಡುಗರು’, ‘ಸಂಜೆ ಬಸ್ ಇಲ್ಲ’.

ಬಸ್ಸಿನ ವಿಷಯ ಸಣ್ಣದಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಖರ್ಚಿಲ್ಲ, ಆದರೆ ಪ್ರಾಕ್ಟಿಕಲ್ ಮುಗಿಸಿ ಹಾಸನ ಬಿಟ್ಟರೆ ಊರಿನ ಕೊನೇ ಬಸ್ ಸಿಗುತ್ತದೆಯೇ ಎಂಬುದು ಉಳಿದಿದೆ. ಹಾಗಾಗಿ ಪೋಷಕರ ಸಭೆಯಲ್ಲಿ ದೊಡ್ಡ ಮಾತು ಬಿಟ್ಟು ಒಂದು ಚಾರ್ಟ್ ಹಾಕುತ್ತೇನೆ: ಕೋರ್ಸ್, ಎಷ್ಟು ವರ್ಷ, ಎಲ್ಲಿ, ಎಷ್ಟು ಹೊತ್ತಿಗೆ ಮನೆಗೆ, ಹಾಸ್ಟೆಲ್ ಇದೆಯೇ. ಐಟಿಐ ವೆಲ್ಡರ್ ಒಂದು ವರ್ಷ, ಫಿಟ್ಟರ್ ಮತ್ತು ಎಲೆಕ್ಟ್ರಿಷಿಯನ್ ಎರಡು ವರ್ಷ. ಡಿಪ್ಲೊಮಾ ಮೂರು ವರ್ಷ, ಆಮೇಲೆ ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ಬಿಇ ಎರಡನೇ ವರ್ಷಕ್ಕೆ ನೇರ ಸೇರಬಹುದು. ಡಿಪ್ಲೊಮಾ ಅಥವಾ ಬಿಇ ಸೇರುವ ಹುಡುಗಿಗೆ ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇಯ ಪ್ರಗತಿ ವಿದ್ಯಾರ್ಥಿವೇತನ ವರ್ಷಕ್ಕೆ 50,000 ರೂಪಾಯಿ. ಒಂದು ಮನೆಯಿಂದ ಇಬ್ಬರವರೆಗೆ, ಮನೆಯ ಆದಾಯ ವರ್ಷಕ್ಕೆ 8 ಲಕ್ಷ ಮೀರಿರಬಾರದು. ಈ ಅಂಕಿ ಹೇಳಿದಾಗ ಹಿಂದೆ ಕೂತ ಅಪ್ಪಂದಿರು ಪೆನ್ನು ಕೇಳುತ್ತಾರೆ. ಆದಾಯ ಪ್ರಮಾಣಪತ್ರವನ್ನು ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಮೊದಲೇ ನಾಡಕಚೇರಿಯಿಂದ ಮಾಡಿಸಿಡಲು ಹೇಳುತ್ತೇನೆ. ಫಲಿತಾಂಶ ಬಂದ ಮೇಲೆ ಎಲ್ಲರೂ ಒಟ್ಟಿಗೆ ಓಡುತ್ತಾರೆ, ಸರ್ವರ್ ಡೌನ್.

ಇನ್ನೊಂದು ಜಾಗದಲ್ಲಿ ಹುಡುಗಿಯರು ಸದ್ದಿಲ್ಲದೆ ಜಾರಿಹೋಗುತ್ತಾರೆ: ಪಿಯು ಕಾಂಬಿನೇಷನ್. ‘ಹುಡುಗಿಗೆ ಮ್ಯಾಥ್ಸ್ ಯಾಕೆ, ಕಷ್ಟ’ ಎಂದು ಬಿಡಿಸಿದರೆ ಇಂಜಿನಿಯರಿಂಗ್ ಮುಚ್ಚಿತು. ಸೇನಾಧಿಕಾರಿಗಳನ್ನು ತಯಾರು ಮಾಡುವ ಎನ್‌ಡಿಎಯ ನೌಕಾಪಡೆ, ವಾಯುಪಡೆಯೂ ಮುಚ್ಚಿದವು. 2022ರಿಂದ ಹುಡುಗಿಯರೂ ಎನ್‌ಡಿಎ ಸೇರುತ್ತಿದ್ದಾರೆ ಎಂಬುದು ನಮ್ಮ ಕಡೆ ಎಷ್ಟೋ ಮನೆಗೆ ಇನ್ನೂ ತಲುಪಿಲ್ಲ.

ಹಾಸನದ ಸಾಲಗಾಮೆ ರಸ್ತೆಯಲ್ಲಿ 1982ರಿಂದ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್ ಇದೆ. ಹಾಗಾಗಿ ವಿಜ್ಞಾನಿ ಅಂದರೆ ನಮ್ಮ ಮಕ್ಕಳಿಗೆ ಮೊದಲು ನೆನಪಾಗುವುದು ಇಸ್ರೋ. ಚಂದ್ರಯಾನ-2ರ ಪ್ರಾಜೆಕ್ಟ್ ಡೈರೆಕ್ಟರ್ ಎಂ. ವನಿತಾ ಎಂದು ಹೇಳಿದರೆ ಚಪ್ಪಾಳೆ ತಟ್ಟುತ್ತಾರೆ, ಚೀಟಿಯಲ್ಲಿ ಮಾತ್ರ ಏನೂ ಬದಲಾಗುವುದಿಲ್ಲ. ನಮ್ಮ ಶಾಲೆಯಲ್ಲೇ ಓದಿ ಎಲೆಕ್ಟ್ರಿಷಿಯನ್ ಟ್ರೇಡ್ ಮಾಡಿ ಅಪ್ರೆಂಟಿಸ್ ಆಗಿರುವ ಹತ್ತೊಂಬತ್ತರ ಹುಡುಗಿಯನ್ನು ಒಂದು ಪೀರಿಯಡ್ ಕರೆಸಿದೆ. ಅವಳಿಗೆ ಮಕ್ಕಳು ಕೇಳಿದ ಪ್ರಶ್ನೆಗಳು: ಸ್ಟೈಪೆಂಡ್ ಎಷ್ಟು, ಅಲ್ಲಿ ಟಾಯ್ಲೆಟ್ ಇದೆಯಾ, ಹುಡುಗರು ಏನಾದ್ರೂ ಅಂತಾರಾ. ಬೆಲ್ ಹೊಡೆದರೂ ಬಿಡಲಿಲ್ಲ.

ಟ್ರೇಡ್ ಹಂಚಿಕೆಗೆ ಈಗ ಎರಡು ವಾರ ಎರಡೂ ಲ್ಯಾಬ್‌ಗೆ ಎಲ್ಲರನ್ನೂ ಕೂರಿಸಿ, ಆಮೇಲೆ ಚೀಟಿ ಬರೆಸುತ್ತೇವೆ. ಎಚ್‌ಎಂ ಮೊದಲು ಒಪ್ಪಲಿಲ್ಲ, ಟ್ರೈನರ್‌ಗಳು ಹಟ ಹಿಡಿದ ಮೇಲೆ ಒಪ್ಪಿದರು. ಸ್ಪ್ರೇಯರ್ ಹುಡುಗಿ ಆಟೊಮೊಬೈಲಿಗೆ ಬದಲಾದಳು.

ನರ್ಸಿಂಗ್ ಅಂದವನನ್ನು ಬಾಗಿಲ ಬಳಿ ಕರೆದು, ತಪ್ಪು ನನ್ನದು ಅಂತ ಹೇಳಿದೆ. ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷ, ಪಿಯುಸಿಯಲ್ಲಿ ಜೀವಶಾಸ್ತ್ರ ಬಿಡಬೇಡ ಅಂತ ಬರೆದುಕೊಟ್ಟೆ. ಚೀಟಿ ಮಡಿಸಿ ಜೇಬಿಗೆ ಹಾಕಿಕೊಂಡ. ‘ಅಲ್ಲಿ ಡಾಕ್ಟರ್ ಅಂತಲೇ ಇದೆಯಾ ಮೇಡಂ?’ ಅಂತ ಕೇಳಿದ. ಇದೆ. ಶೀಟ್ ಲಾಕ್ ಆಗಿದೆ, ತಿದ್ದಿಕೊಡಿ ಅಂತ ಎರಡು ಸಲ ಬರೆದಿದ್ದೇನೆ.