ಒದ್ದೆ ಕಟ್ಟಿಗೆ

ಹೊರಡುವ ದಿನ ಬೆಳಿಗ್ಗೆ ನಮ್ಮ ಮನೆಯವರು ಹಿತ್ತಲಲ್ಲಿ ಪೇರಿಸಿಟ್ಟಿದ್ದ ಒಣ ಕಟ್ಟಿಗೆಯನ್ನೆಲ್ಲ ಕಾರಿನ ಡಿಕ್ಕಿಗೆ ತುಂಬಿದ್ದರು. ನಾನು ಪೂರ್ತಿ ಇಳಿಸಲು ಹೇಳಿದೆ. ನ್ಯೂಜೆರ್ಸಿಯಿಂದ ನ್ಯೂಯಾರ್ಕ್ ರಾಜ್ಯದ ಒಳಗೆ ಹಾಗೆ ಸೌದೆ ಒಯ್ಯುವಂತಿಲ್ಲ. ಬಿಸಿ ಮಾಡಿ ಹುಳ ಸಾಯಿಸಿದ ಸೌದೆ ಆದರೆ ಮಾತ್ರ ಸರಿ. ಆ ರಾಜ್ಯದ ಒಳಗೇ ಆದರೂ ಕಡಿದ ಜಾಗದಿಂದ 50 ಮೈಲಿಗಿಂತ ದೂರ ಸಾಗಿಸಬಾರದು. ಮರ ಕೊರೆಯುವ ಹುಳ ಸೌದೆಯ ಜೊತೆಗೇ ಊರಿಂದ ಊರಿಗೆ ಹೋಗುತ್ತದೆ, ಹಾಗೆ ಹೋಗಿ ಹೋಗಿ ಇಲ್ಲಿನ ಆಶ್ ಮರಗಳು ಸಾಲು ಸಾಲಾಗಿ ಸತ್ತಿವೆ.

ಇದನ್ನು ಅಪ್ಪಯ್ಯನಿಗೆ ಎರಡನೇ ಸಲ ಹೇಳಬೇಕಾಗಲಿಲ್ಲ. "ಸರಿಯಾಗೇ ಮಾಡಿದ್ದಾರೆ ಬಿಡು" ಅಂದರು. ಕೊಪ್ಪದ ಹತ್ತಿರ ನಮ್ಮದು ಸಣ್ಣ ಅಡಿಕೆ ತೋಟ. ಹಳದಿ ಎಲೆ ರೋಗ ಸಾಲದು ಅಂತ ಈಗ ಎಲೆಚುಕ್ಕಿ ರೋಗ ಬೇರೆ. ಒಂದು ತೋಟದಿಂದ ಇನ್ನೊಂದಕ್ಕೆ ರೋಗ ದಾಟುವುದನ್ನು ಕಣ್ಣಾರೆ ನೋಡಿದವರು ಅವರು.

ನಾವು ಹೊರಟಿದ್ದು ನ್ಯೂಯಾರ್ಕ್ ರಾಜ್ಯದ ಉತ್ತರಕ್ಕಿರುವ ಬೆಟ್ಟ ಕಾಡಿನ ಸೀಮೆ ಅಡಿರಾಂಡಾಕ್‌ಗೆ. ಮೂರು ರಾತ್ರಿ. ಮೊದಲನೆಯದು ಒಂದು ಖಾಸಗಿ ಕ್ಯಾಬಿನ್‌ನಲ್ಲಿ, ಆಮೇಲಿನ ಎರಡು ಫಿಶ್ ಕ್ರೀಕ್ ಪಾಂಡ್ಸ್ ಅನ್ನುವ ಸರ್ಕಾರಿ ಕ್ಯಾಂಪ್‌ಗ್ರೌಂಡ್‌ನಲ್ಲಿ ಟೆಂಟ್ ಹಾಕಿ. ಅಲ್ಲಿ ಹೆಚ್ಚಿನ ಜಾಗಗಳೆಲ್ಲ ನೀರಿನ ಅಂಚಿನಲ್ಲೇ ಇವೆ. ಅದಕ್ಕೇ ಒಂಬತ್ತು ತಿಂಗಳು ಮೊದಲೇ, ಬುಕಿಂಗ್ ತೆರೆದ ಕೂಡಲೇ ಕೂತು ಹಿಡಿಯಬೇಕು. ಆಗಸ್ಟ್‌ಗೆ ಬೇಕಾದ ಜಾಗವನ್ನು ನಾನು ಹಿಡಿದದ್ದು ನವೆಂಬರ್‌ನಲ್ಲಿ. ಅಪ್ಪಯ್ಯ ಬರುವುದು ಆಗಿನ್ನೂ ಗಟ್ಟಿಯಾಗಿರಲಿಲ್ಲ. ಆಮೇಲೆ ಬಂದರು, ಒಬ್ಬರೇ. ಅಮ್ಮ ಮಂಡಿ ನೋವು ಅಂತ ಬರಲಿಲ್ಲ. ಎಪ್ಪತ್ತೆರಡು ವರ್ಷದವರನ್ನು ಟೆಂಟ್‌ನಲ್ಲಿ ಮಲಗಿಸುವುದಾ ಅಂತ ನನಗೆ ಒಳಗೊಳಗೇ ಅಳುಕಿತ್ತು.

ದಾರಿಯುದ್ದಕ್ಕೂ ಅವರಿಗೆ ಒಂದೇ ಪ್ರಶ್ನೆ. ಅಡಿರಾಂಡಾಕ್ ಪಾರ್ಕ್ ಅಂದರೆ ಸುಮಾರು 60 ಲಕ್ಷ ಎಕರೆ, ಮೂರು ಸಾವಿರಕ್ಕೂ ಜಾಸ್ತಿ ಕೆರೆ ಸರೋವರಗಳು, 1892ರಲ್ಲೇ ಗುರುತಿಸಿದ್ದು, ಆದರೆ ಅದರ ಅರ್ಧಕ್ಕಿಂತ ಜಾಸ್ತಿ ಭೂಮಿ ಖಾಸಗಿಯವರದು, ಒಳಗೇ ಊರು, ಶಾಲೆ, ಅಂಗಡಿ ಎಲ್ಲ ಇವೆ ಅಂತ ಹೇಳಿದೆ. "ಒಳಗೆ ಜನ ಇರಬಹುದಾ? ಯಾರೂ ಎಬ್ಬಿಸೋದಿಲ್ವಾ?" ಅಂತ ಕೇಳಿದರು. ಅರ್ಧ ಗಂಟೆ ಬಿಟ್ಟು ಮತ್ತೆ ಕೇಳಿದರು. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗಿನ ಊರುಗಳಲ್ಲಿ ನಮಗೆ ನೆಂಟರಿದ್ದಾರೆ. ಇವತ್ತು ಒಕ್ಕಲೆಬ್ಬಿಸುತ್ತಾರೋ ನಾಳೆ ಎಬ್ಬಿಸುತ್ತಾರೋ ಅನ್ನುವ ಹೆದರಿಕೆಯಲ್ಲೇ ಅವರ ಎಷ್ಟೋ ವರ್ಷಗಳು ಹೋಗಿವೆ. ಆ ಪ್ರಶ್ನೆ ಎಲ್ಲಿಂದ ಬಂತು ಅಂತ ನನಗೆ ಗೊತ್ತಿತ್ತು. 1894ರಲ್ಲಿ ರಾಜ್ಯದ ಸಂವಿಧಾನದಲ್ಲೇ ಸರ್ಕಾರದ ಕಾಡು ಎಂದೆಂದಿಗೂ ಕಾಡಾಗಿಯೇ ಇರಬೇಕು ಅಂತ ಬರೆದಿಟ್ಟಿದ್ದಾರೆ, ಪಕ್ಕದಲ್ಲೇ ಜನರೂ ಇದ್ದಾರೆ ಅಂದೆ. ಕಿಟಕಿಯಾಚೆ ನೋಡುತ್ತಾ ಸುಮಾರು ಹೊತ್ತು ಸುಮ್ನೆ ಕೂತರು.

ಕ್ಯಾಬಿನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಫೋಟೋದಲ್ಲಿ ಚೆನ್ನಾಗಿತ್ತು. ಬಿಸಿನೀರು ಇಬ್ಬರ ಸ್ನಾನಕ್ಕೆ ಮುಗಿಯಿತು, ಮೂರನೆಯವರು ಅಪ್ಪಯ್ಯ. ಹಂಡೆ ತುಂಬ ಕುದಿಯುವ ನೀರು ಮಿಂದು ಬೆಳೆದವರು ತಣ್ಣೀರು ಮೈಮೇಲೆ ಹಾಕಿಕೊಂಡು ಬಂದು, ಒಂದು ಮಾತೂ ಆಡದೆ ಶಾಲು ಹೊದ್ದು ಕೂತದ್ದು ನೋಡಿ ನನಗೆ ಬಹಳ ಬೇಜಾರಾಯಿತು. ಅಷ್ಟು ದುಡ್ಡು ತೆಗೆದುಕೊಂಡವರು ಒಂದು ಮಾತು ಮೊದಲೇ ಹೇಳಬಹುದಿತ್ತು ಅಲ್ವಾ. ಅಪ್ಪಯ್ಯನಿಗೆ ಅಲ್ಲಿ ಹಿಡಿಸಿದ್ದು ಜಗಲಿಯ ಮೇಲಿದ್ದ ಅಡಿರಾಂಡಾಕ್ ಕುರ್ಚಿ. ಅಗಲದ ಕೈ, ಹಿಂದಕ್ಕೆ ವಾಲಿದ ಬೆನ್ನು. ಈ ಸೀಮೆಯಲ್ಲೇ, ವೆಸ್ಟ್‌ಪೋರ್ಟ್ ಅನ್ನುವ ಊರಿನಲ್ಲಿ 1903ರಲ್ಲಿ ಹುಟ್ಟಿದ ಕುರ್ಚಿ ಅದು. ಅದರ ಹಲಗೆಗಳನ್ನು ಗೇಣು ಹಾಕಿ ಅಳೆದುಕೊಂಡರು. ಊರಲ್ಲಿ ಆಚಾರಿ ಹತ್ತಿರ ಮಾಡಿಸಬಹುದು ಅಂದರು.

ಮಾರನೆಯ ದಿನ ಮಧ್ಯಾಹ್ನ ಕ್ಯಾಂಪ್‌ಗ್ರೌಂಡ್ ಮುಟ್ಟುವ ಹೊತ್ತಿಗೆ ಮಳೆ ಹಿಡಿದಿತ್ತು. ದಾರಿ ಬದಿಯಲ್ಲಿ ಕಟ್ಟಿಗೆ ಕಟ್ಟು ಇಟ್ಟು, ಪಕ್ಕದಲ್ಲೊಂದು ದುಡ್ಡಿನ ಡಬ್ಬಿ ಇಟ್ಟಿರುತ್ತಾರೆ. ಅಲ್ಲಿ ಯಾರೂ ಇರುವುದಿಲ್ಲ, ನಾವೇ ಡಬ್ಬಿಗೆ ದುಡ್ಡು ಹಾಕಿ ಕಟ್ಟು ಎತ್ತಿಕೊಂಡು ಬರುವುದು. ಎರಡು ಕಟ್ಟು ತಂದೆವು. ಅವೂ ನೆನೆದಿದ್ದವು. ಟೆಂಟ್ ಹಾಕಿದ ಮೇಲೆ ಮಳೆ ನಿಂತಿತು, ಚಳಿ ಶುರುವಾಯಿತು. ಆಗಸ್ಟ್ ಆದರೂ ಅಲ್ಲಿ ರಾತ್ರಿ ಸ್ವೆಟರ್ ಬೇಕೇ ಬೇಕು.

ಮನೆಯವರು ಬೆಂಕಿ ಹೊತ್ತಿಸಲು ಕೂತರು. ಕಾಗದ ಮುಗಿಯಿತು, ಅಂಗಡಿಯಿಂದ ತಂದ ಬೆಂಕಿ ಹೊತ್ತಿಸುವ ತುಂಡುಗಳೂ ಮುಗಿದವು. ಬರೀ ಹೊಗೆ. ಮಗಳು ಕಣ್ಣುಜ್ಜಿಕೊಂಡು ಕಾರಿನೊಳಗೆ ಹೋಗಿ ಕೂತಳು. ಅಪ್ಪಯ್ಯ ಇಷ್ಟು ಹೊತ್ತೂ ನೋಡುತ್ತಾ ಇದ್ದವರು, ಅಳಿಯನ ಕೈಯಿಂದ ಕೆಲಸ ಕಿತ್ತುಕೊಂಡ ಹಾಗೆ ಆಗಬಾರದು ಅಂತಲೇ ಇರಬೇಕು, ಮೆಲ್ಲಗೆ "ನೀವು ಸ್ವಲ್ಪ ಆ ಸಣ್ಣ ಕೊಡಲಿ ಕೊಡ್ತೀರಾ?" ಅಂದರು.

ಮೊದಲು ಮಾಡಿದ್ದು, ಇದ್ದ ಬೆಂಕಿಯನ್ನು ಪೂರ್ತಿ ಕೆದಕಿ ಹೊರಗೆ ಹಾಕಿದ್ದು. ತಳದಲ್ಲಿ ನೀರು ನಿಂತಿತ್ತು. ಎರಡು ದಪ್ಪ ತುಂಡು ಅಡ್ಡ ಇಟ್ಟು ತಳ ಎತ್ತರ ಮಾಡಿದರು. ಆಮೇಲೆ ಒಂದು ಕಟ್ಟಿಗೆ ಆರಿಸಿ ನೆಟ್ಟಗೆ ನಿಲ್ಲಿಸಿ ಸೀಳಿದರು. ಒಳಗೆ ಒಣಗಿತ್ತು! ಹೊರಗೆ ಎಷ್ಟು ನೆನೆದರೂ ಒಣಗಿಸಿದ ಕಟ್ಟಿಗೆಯ ತಿರುಳಿಗೆ ಒಂದು ದಿನದ ಮಳೆ ಇಳಿಯುವುದಿಲ್ಲ. ಆ ತಿರುಳನ್ನೇ ಬೆರಳಿನಷ್ಟು, ಆಮೇಲೆ ಪುರಲೆಯಷ್ಟು, ಆಮೇಲೆ ಕಡ್ಡಿಯಷ್ಟು ತೆಳ್ಳಗೆ ಸೀಳುತ್ತಾ ಹೋದರು. ಉಳಿದ ಒದ್ದೆ ತುಂಡುಗಳನ್ನು ಸುತ್ತ ಗೋಡೆಯ ಹಾಗೆ ಒರಗಿಸಿಟ್ಟರು, ಬೆಂಕಿಯ ಕಾವಿಗೆ ಅವೂ ಒಣಗಲಿ ಅಂತ. ನಮ್ಮ ಬಚ್ಚಲೊಲೆಯ ಪಕ್ಕ ಮಳೆಗಾಲದಲ್ಲಿ ಇಡುತ್ತಿದ್ದದ್ದೂ ಹೀಗೇ.

"ಅಡಿಕೆ ಸಿಪ್ಪೆ ಇದ್ದಿದ್ರೆ ಒಂದು ಕ್ಷಣದ ಕೆಲಸ" ಅಂದವರೇ ಎದ್ದು ಸುತ್ತ ನೋಡಿದರು. ಸ್ವಲ್ಪ ದೂರದಲ್ಲಿ ಒಂದು ಬರ್ಚ್ ಮರ ಬಿದ್ದಿತ್ತು. ಬಿಳಿ ತೊಗಟೆ ಸುರುಳಿ ಸುರುಳಿಯಾಗಿ ಬಿಟ್ಟುಕೊಂಡಿತ್ತು. ನಿಂತ ಮರದ ತೊಗಟೆ ಮುಟ್ಟಬಾರದು ಅಂತ ನಾನು ಹೇಳುವಷ್ಟರಲ್ಲಿ ಅವರು ಬಿದ್ದ ಮರದ ಹತ್ತಿರವೇ ಬಗ್ಗಿದ್ದರು. ಒಂದು ಚೂರು ಕಿತ್ತು ಮೂಸಿದರು. ಉಗುರಿನಿಂದ ಕೆರೆದು ಮತ್ತೆ ಮೂಸಿದರು. "ಇದರಲ್ಲಿ ಎಣ್ಣೆ ಇದೆ ಮಾರಾಯ್ತಿ. ಧೂಪದ ಹಾಗೆ ಹತ್ತಬೇಕು ಇದು." ಜೀವನದಲ್ಲಿ ಮೊದಲ ಸಲ ನೋಡಿದ ಮರ ಅದು ಅವರಿಗೆ.

ಹತ್ತಿತು. ಅಂಗೈಯಷ್ಟು ತೊಗಟೆ, ಮೇಲಿನ ನೀರು ಪಂಚೆಗೆ ಒರೆಸಿ ಕಡ್ಡಿ ಗೀರಿದ್ದೇ, ಚಿಟಿಚಿಟಿ ಅಂತ ಕಪ್ಪು ಹೊಗೆ ಬಿಟ್ಟು, ಅಂಚು ಒಳಕ್ಕೆ ಮುದುಡುತ್ತಾ ಉರಿಯಿತು. ಅದರ ಮೇಲೆ ಕಡ್ಡಿ, ಪುರಲೆ, ಬೆರಳು ದಪ್ಪದ್ದು, ಒಂದೊಂದಾಗಿ, ಆತುರ ಇಲ್ಲದೆ. ಊದುಕೊಳವೆ ಇರಲಿಲ್ಲ. ಟೆಂಟ್‌ನ ಕಂಬದ ಒಂದು ಟೊಳ್ಳು ತುಂಡು ಉಳಿದಿತ್ತು, ಅದರಿಂದಲೇ ಊದಿದರು. ಹತ್ತು ನಿಮಿಷಕ್ಕೆ ಮಗಳು ಕಾರಿನಿಂದ ಇಳಿದು ಬಂದು "ಅಜ್ಜಯ್ಯ, ನಾನೂ ಊದ್ತೀನಿ" ಅಂತ ಪಕ್ಕದಲ್ಲಿ ಕೂತಳು. ಇಪ್ಪತ್ತು ವರ್ಷದಿಂದ ಗ್ಯಾಸ್ ಗೀಸರ್ ಇರುವ ಮನೆ ನಮ್ಮದು. ಆ ಕೈಗೆ ಇನ್ನೂ ಇದೆಲ್ಲ ನೆನಪಿದೆ ಅನ್ನುವುದು ನನಗೆ ಮರೆತೇ ಹೋಗಿತ್ತು. ಆ ಹೊತ್ತಿನಲ್ಲಿ ಅವರ ಮುಖ ನೋಡಬೇಕಿತ್ತು ನೀವು. ಅಮೆರಿಕಕ್ಕೆ ಬಂದು ಆರು ವಾರದಲ್ಲಿ ಅವರಿಗೆ ಅಂತ ಒಂದು ಕೆಲಸ ಸಿಕ್ಕಿದ್ದು ಅದೇ ಮೊದಲು.

ಅನ್ನ ಸಾರು ಬಿಸಿ ಮಾಡಿಕೊಂಡು ಉಂಡೆವು. ಕರಡಿ ಬರುವ ಜಾಗ, ಹಾಗಾಗಿ ಉಂಡ ಕೂಡಲೇ ಪಾತ್ರೆ ತೊಳೆದು, ಉಪ್ಪಿನಕಾಯಿ ಬಾಟಲಿಯಿಂದ ಹಲ್ಲುಜ್ಜುವ ಪೇಸ್ಟ್‌ವರೆಗೆ ವಾಸನೆ ಬರುವುದೆಲ್ಲ ಕಾರಿನೊಳಗೆ ಇಟ್ಟು ಬಾಗಿಲು ಭದ್ರ ಮಾಡಿದೆವು. ಹತ್ತು ಗಂಟೆ ಮೇಲೆ ಕ್ಯಾಂಪ್‌ನಲ್ಲಿ ಯಾರೂ ಗಲಾಟೆ ಮಾಡುವಂತಿಲ್ಲ. ಎಲ್ಲ ಕಡೆ ದೀಪ ಆರಿತು.

ಆಗ ನೀರಿನ ಮೇಲಿಂದ ಒಂದು ಕೂಗು ಬಂತು. ಉದ್ದಕ್ಕೆ, ಏರಿ, ಸ್ವಲ್ಪ ಹೊತ್ತು ಮೇಲೇ ನಿಂತು ಇಳಿಯಿತು. ಅಪ್ಪಯ್ಯ ಧಡಕ್ಕನೆ ಎದ್ದರು. "ಯಾರೋ ಕೂಗು ಹಾಕ್ತಿದ್ದಾರೆ ಆಚೆ ದಡದಿಂದ." ನಮ್ಮ ಕಡೆ ಒಂದು ಗುಡ್ಡದ ಮನೆಯಿಂದ ಇನ್ನೊಂದಕ್ಕೆ ಕೂ ಅಂತ ಕೂಗು ಹಾಕುವುದು ರೂಢಿ, ಫೋನ್ ಬರುವ ಮುಂಚೆ ದೂರವನ್ನೂ ಕೂಗಳತೆಯಲ್ಲೇ ಹೇಳುತ್ತಿದ್ದರು. ಅದು ಹಕ್ಕಿ ಅಪ್ಪಯ್ಯ, ಲೂನ್ ಅಂತ, ಅಂದೆ. ಚಳಿಗಾಲಕ್ಕೆ ಸಮುದ್ರಕ್ಕೆ ಹೋಗಿ ಬೇಸಿಗೆಗೆ ಈ ಕೆರೆಗಳಿಗೆ ಬರುವ ಹಕ್ಕಿ, ಮರಿಗಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಈಜುತ್ತದೆ. ಅವರು ನಂಬಲಿಲ್ಲ. ಟಾರ್ಚ್ ಆರಿಸಿ ನೀರಿನ ಅಂಚಿಗೆ ಹೋಗಿ ನಿಂತರು. ಇನ್ನೊಂದು ಕೂಗು ಬಂತು, ಅದಕ್ಕೆ ದೂರದ ಯಾವುದೋ ಕೆರೆಯಿಂದ ಉತ್ತರವೂ ಬಂತು. ಚಳಿಯಲ್ಲಿ ಹಾಗೇ ನಿಂತೇ ಇದ್ದರು. ನಾನು ಶಾಲು ತೆಗೆದುಕೊಂಡು ಹೋಗಿ ಹೊದೆಸಿದಾಗ "ಅಮ್ಮನಿಗೆ ಇದನ್ನು ಕೇಳಿಸಬೇಕಿತ್ತು" ಅಂದರು. ಫೋನ್ ಸಿಗ್ನಲ್ ಇರಲಿಲ್ಲ. ನನ್ನ ಫೋನ್‌ನಲ್ಲಿ ರೆಕಾರ್ಡ್ ಮಾಡಿಕೊಂಡೆವು. ಅದರಲ್ಲಿ ಕೂಗಿಗಿಂತ ಅವರ ಉಸಿರೇ ಜಾಸ್ತಿ ಕೇಳಿಸುತ್ತದೆ.

ಎರಡನೇ ರಾತ್ರಿ ಮಳೆ ಇರಲಿಲ್ಲ, ಬೆಂಕಿ ಹಾಕಿದ್ದು ಮಗಳು. ಹೊರಡುವ ಬೆಳಿಗ್ಗೆ ನಾವು ಟೆಂಟ್ ಮಡಚುತ್ತಿದ್ದಾಗ ಅಪ್ಪಯ್ಯ ಉಳಿದ ಕಟ್ಟಿಗೆ ಸೀಳುತ್ತಾ ಕೂತಿದ್ದರು. ಹೊತ್ತಾಗುತ್ತೆ ಅಪ್ಪಯ್ಯ, ಅದನ್ನು ಮನೆಗೆ ಒಯ್ಯೋ ಹಾಗಿಲ್ಲ ಅಂದೆ. "ಒಯ್ಯೋದಕ್ಕಲ್ಲ. ಇವತ್ತು ಇಲ್ಲಿಗೆ ಬರೋರಿಗೆ." ಪುರಲೆ ಒಂದು ಕಡೆ, ದಪ್ಪದ್ದು ಒಂದು ಕಡೆ ಜೋಡಿಸಿ, ಬರ್ಚ್ ತೊಗಟೆಯ ಎರಡು ಸುರುಳಿ ಅಡಿಯಲ್ಲಿ ಸೇರಿಸಿ, ಮಳೆ ಬಂದರೂ ನೆನೆಯದ ಹಾಗೆ ಅಗಲದ ಒಂದು ತೊಗಟೆ ಮೇಲೆ ಕವುಚಿ ಅದರ ಮೇಲೆ ಕಲ್ಲು ಹೇರಿದರು.