ಇಡೀ ಬಾಕ್ಸ್ ಸೆಟ್ಟೋ, ಬಿಡಿ ಆಲ್ಬಮ್ಮೋ?

1961ರ ಜೂನ್ 25, ಭಾನುವಾರ. ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಜಾಝ್ ಕ್ಲಬ್ಬಿನಲ್ಲಿ ಬಿಲ್ ಇವಾನ್ಸ್ ಪಿಯಾನೊ, ಸ್ಕಾಟ್ ಲಫಾರೊ ಬಾಸ್, ಪಾಲ್ ಮೋಶನ್ ಡ್ರಮ್ಸ್. ಅವತ್ತಿನ ಸಂಗೀತ ನನ್ನ ಕಪಾಟಿನಲ್ಲಿ ಎರಡು ಥರ ಇದೆ. ಒಂದು, ಅದರಿಂದ ಆರಿಸಿ ಮಾಡಿದ ಎರಡು ಬಿಡಿ ಆಲ್ಬಂಗಳು: ‘ಸಂಡೇ ಅಟ್ ದ ವಿಲೇಜ್ ವ್ಯಾನ್‌ಗಾರ್ಡ್’ ಮತ್ತು ‘ವಾಲ್ಟ್ಜ್ ಫಾರ್ ಡೆಬ್ಬಿ’. ಇನ್ನೊಂದು, ಅವತ್ತು ನುಡಿಸಿದ್ದನ್ನೆಲ್ಲ ನುಡಿಸಿದ ಕ್ರಮದಲ್ಲೇ ಕೊಡುವ ಮೂರು ಸಿ.ಡಿ.ಗಳ ಬಾಕ್ಸ್ ಸೆಟ್. ಯಾವುದಾದರೂ ಒಂದನ್ನು ಮಾತ್ರ ಇಟ್ಟುಕೊಳ್ಳಿ ಅಂದರೆ ನಾನು ಬಾಕ್ಸನ್ನೇ ಇಟ್ಟುಕೊಳ್ಳುತ್ತೇನೆ. ಆದರೆ ಇನ್ನೊಬ್ಬ ಜಾಝ್ ಪಿಯಾನೊ ವಾದಕ ಥೆಲೋನಿಯಸ್ ಮಂಕ್ ವಿಷಯ ಬಂದರೆ ಬಾಕ್ಸ್ ಬೇಡ, ಬಿಡಿ ಆಲ್ಬಂ ಸಾಕು ಅನ್ನುತ್ತೇನೆ. ಯಾಕೆ ಅಂತ ಬರೆಯಬೇಕು ಅನ್ನಿಸಿ ಬಹಳ ದಿನ ಆಯಿತು.

ಮೊದಲು ನನ್ನ ಕಥೆ ಸ್ವಲ್ಪ. ಸೋಮವಾರಪೇಟೆಯಿಂದ ಒಳಗೆ ನಮ್ಮ ಸಣ್ಣ ತೋಟ. ಅರೇಬಿಕಾ ಕಾಫಿ, ಮರಗಳಿಗೆ ಹಬ್ಬಿಸಿದ ಕಾಳುಮೆಣಸು. ಕಾಫಿ ಮಾರಿ, ಆಳುಗಳ ಲೆಕ್ಕ, ಗೊಬ್ಬರದಂಗಡಿಯ ಬಾಕಿ ಎಲ್ಲ ತೀರಿದ ಮೇಲೆ ಉಳಿದಿದ್ದರಲ್ಲಿ ಸ್ವಲ್ಪ ಹಣ ಸಂಗೀತಕ್ಕೆ ಅಂತ ಎತ್ತಿಡುತ್ತೇನೆ. ನಮ್ಮ ಮನೆಯವರು ಇದಕ್ಕೆ ಯಾವತ್ತೂ ಬೇಡ ಅಂದಿಲ್ಲ. ಬೆಂಗಳೂರಿನಲ್ಲಿರುವ ನನ್ನ ಅಣ್ಣನ ಮಗ ಅವನ ವಿಳಾಸಕ್ಕೆ ತರಿಸಿ, ಊರಿಗೆ ಬರುವಾಗ ತಂದುಕೊಡುತ್ತಾನೆ. ಹೊರದೇಶದಿಂದ ಬರುವುದಾದರೆ ತೂಕಕ್ಕೆ ತಕ್ಕ ಸಾಗಣೆ ಖರ್ಚು, ಮೇಲೆ ಕಸ್ಟಮ್ಸ್ ಸುಂಕ. ಹಾಗಾಗಿ ಒಂದು ದೊಡ್ಡ ಬಾಕ್ಸ್ ತರಿಸಿದರೆ ಆ ವರ್ಷದ್ದು ಅಲ್ಲಿಗೆ ಮುಗಿಯಿತು. ಅದೇ ಹಣದಲ್ಲಿ ಬಿಡಿ ಆಲ್ಬಂ ನಾಲ್ಕೈದು ಬರುತ್ತವೆ. ಯೋಚನೆ ಮಾಡಲೇಬೇಕಲ್ವಾ?

“ಅತ್ತೆ, ಇದೆಲ್ಲ ಫೋನಲ್ಲೇ ಸಿಗುತ್ತಲ್ವಾ? ಸುಮ್ನೆ ಯಾಕೆ ಇಷ್ಟು ದುಡ್ಡು ಹಾಕ್ತೀರಾ?” ಅಂತ ಅವನು ಕೇಳಿದ್ದುಂಟು.

“ಜುಲೈಯಲ್ಲಿ ಒಂದು ವಾರ ಇಲ್ಲಿಗೆ ಬಂದಿದ್ದು ನೋಡು ಕಣೋ. ಆಮೇಲೆ ಮಾತಾಡೋಣ” ಅಂದೆ.

ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ಕರೆಂಟ್ ಯಾವಾಗ ಬರುತ್ತದೋ ಹೇಳಲಾಗದು. ಅದರ ಹಿಂದೆಯೇ ಮೊಬೈಲ್ ಟವರೂ ಹೋಗುತ್ತದೆ. ಇನ್ವರ್ಟರ್ ಇರುವವರೆಗೆ ನನ್ನ ಸಿ.ಡಿ. ಪ್ಲೇಯರ್ ಹಾಡುತ್ತದೆ. ತೋಟಕ್ಕೆ ಹೋಗಲಾಗದ ಆ ದಿನಗಳಲ್ಲೇ ನಾನು ಜಾಸ್ತಿ ಸಂಗೀತ ಕೇಳುವುದು.

ಈಗ ಇವಾನ್ಸ್‌ಗೆ ಬರೋಣ. ಅವತ್ತು ಒಟ್ಟು ಐದು ಸಲ ವೇದಿಕೆ ಹತ್ತಿದರು. ಮಧ್ಯಾಹ್ನ ಎರಡು, ರಾತ್ರಿ ಮೂರು. ಬಾಕ್ಸಿನ ಮೊದಲ ಸಿ.ಡಿ. ಹಾಕಿದರೆ ಮೊದಲಿಗೆ ಬರುವುದು ‘ಗ್ಲೋರಿಯಾಸ್ ಸ್ಟೆಪ್’. ಅದರ ನಡುವೆಯೇ ವಿದ್ಯುತ್ ಕೈಕೊಟ್ಟು ಟೇಪಿನಲ್ಲಿ ಸದ್ದು ತುಂಡಾಗುತ್ತದೆ. ಬಿಡಿ ಆಲ್ಬಂನಲ್ಲಿ ಇದಕ್ಕೆ ಜಾಗವಿಲ್ಲ. ಅಲ್ಲಿರುವುದು ರಾತ್ರಿ ನುಡಿಸಿದ ಎರಡನೇ ಸಲದ್ದು. ಬಾಕ್ಸಿನಲ್ಲಿ ಆ ತುಂಡು ಹಾಗೇ ಇದೆ. ಗ್ಲಾಸುಗಳ ಸದ್ದು, ಜನರ ಮಾತು, ಮುಂದೆ ಏನು ನುಡಿಸೋಣ ಅಂತ ಇವರು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುವುದು ಕೂಡ ಇದೆ.

ಕೋಲ್ ಪೋರ್ಟರ್ ಬರೆದ ‘ಆಲ್ ಆಫ್ ಯೂ’ ಹಾಡನ್ನು ಅವತ್ತು ಮೂರು ಸಲ ನುಡಿಸಿದ್ದಾರೆ. ಮಧ್ಯಾಹ್ನ ಒಮ್ಮೆ, ರಾತ್ರಿ ಎರಡು ಸಲ. ಹಾಡಿನ ಧಾಟಿಯನ್ನು ಇವಾನ್ಸ್ ನೇರವಾಗಿ ಹೇಳುವುದಿಲ್ಲ, ಸುತ್ತಮುತ್ತಲೇ ಓಡಾಡುತ್ತಾರೆ. ಲಫಾರೊ ಬಾಸಿನಲ್ಲಿ ಸುಮ್ಮನೆ ತಾಳ ಹಿಡಿದು ಹಿಂದೆ ನಿಲ್ಲುವುದಿಲ್ಲ. ಪಿಯಾನೊ ಮಾತಾಡುತ್ತಿರುವಾಗಲೇ ಮಧ್ಯೆ ಬಾಯಿ ಹಾಕುತ್ತಾರೆ, ಇವಾನ್ಸ್ ಜಾಗ ಬಿಡುತ್ತಾರೆ. ಮೂರನ್ನೂ ಬೆನ್ನುಬೆನ್ನಿಗೆ ಹಾಕಿ ಕೇಳಿ ನೋಡಿ. ಮಧ್ಯಾಹ್ನ ಕೇಳಿದ ಪ್ರಶ್ನೆಗೆ ರಾತ್ರಿ ಬೇರೆಯೇ ಉತ್ತರ ಸಿಗುತ್ತದೆ. ನಮ್ಮ ಕಚೇರಿಗಳಲ್ಲಿ ಒಬ್ಬ ವಿದ್ವಾಂಸರು ಒಂದೇ ಕೃತಿಯನ್ನು ಒಂದೇ ದಿನ ಮೂರು ಸಲ ಹಾಡುವುದನ್ನು ಕೇಳುವ ಭಾಗ್ಯ ಯಾರಿಗಿದೆ? ಇದು ಬಾಕ್ಸಿನಲ್ಲಿ ಮಾತ್ರ ಸಿಗುವಂಥದ್ದು.

ಹಾಗಂತ ಬಿಡಿ ಆಲ್ಬಂ ಸುಮ್ನೆ ಕತ್ತರಿಸಿ ಕೊಟ್ಟದ್ದಲ್ಲ. ಆ ಭಾನುವಾರ ಕಳೆದು 11 ದಿನಕ್ಕೆ, ಜುಲೈ 6ರಂದು, ಲಫಾರೊ ಕಾರು ಅಪಘಾತದಲ್ಲಿ ತೀರಿಕೊಂಡರು. ಇನ್ನೂ 25 ವರ್ಷ. ಇವಾನ್ಸ್ ಮತ್ತು ನಿರ್ಮಾಪಕ ಒರಿನ್ ಕೀಪ್‌ನ್ಯೂಸ್ ಸೇರಿ ‘ಸಂಡೇ’ ಆಲ್ಬಂಗೆ ಲಫಾರೊ ಬಾಸ್ ಚೆನ್ನಾಗಿ ಕೇಳುವಂಥವನ್ನೇ ಆರಿಸಿದರು. ಆರು ಹಾಡು. ಮೊದಲನೆಯದು ‘ಗ್ಲೋರಿಯಾಸ್ ಸ್ಟೆಪ್’, ಕೊನೆಯದು ‘ಜೇಡ್ ವಿಷನ್ಸ್’. ಎರಡೂ ಲಫಾರೊ ಕಟ್ಟಿದ್ದೇ. ಆ ಆಲ್ಬಂನಲ್ಲಿ ಲಫಾರೊ ಆಗಲೇ ಹೋಗಿಬಿಟ್ಟಿದ್ದಾರೆ, ಗೆಳೆಯರು ಅವರನ್ನು ನೆನೆಯುತ್ತಿದ್ದಾರೆ. ಬಾಕ್ಸಿನಲ್ಲಿ ಅವರು ಭಾನುವಾರವೂ ಕೆಲಸಕ್ಕೆ ಬಂದ ಒಬ್ಬ ಹುಡುಗ. ರಾತ್ರಿ ಕೊನೆಗೆ ‘ಜೇಡ್ ವಿಷನ್ಸ್’ ಒಮ್ಮೆ ನುಡಿಸಿ, ಮತ್ತೆ ಇನ್ನೊಮ್ಮೆ ನುಡಿಸುತ್ತಾರೆ. ನನಗೆ ಆ ಹುಡುಗನ ಜೊತೆ ಆ ದಿನ ಪೂರ್ತಿ ಕೂರಬೇಕು. ಅದಕ್ಕೇ ಬಾಕ್ಸ್.

ಪಿಯಾನೊ ನುಡಿಸುವ ಅಹ್ಮದ್ ಜಮಾಲ್ ಹತ್ತಿರ ಬಂದರೆ ಲೆಕ್ಕ ತಿರುಗಿಬಿಡುತ್ತದೆ. ಅವರದ್ದೂ ಜನರ ಎದುರು ನುಡಿಸಿದ್ದೇ. 1958ರ ಜನವರಿಯಲ್ಲಿ ಶಿಕಾಗೋದ ಪರ್ಶಿಂಗ್ ಹೋಟೆಲಿನ ಲೌಂಜಿನಲ್ಲಿ. ಅಲ್ಲಿ ರೆಕಾರ್ಡ್ ಆದದ್ದು 43 ಹಾಡು. ಜಮಾಲ್ ಅದರಲ್ಲಿ ತಾವೇ ಎಂಟನ್ನು ಮಾತ್ರ ಆರಿಸಿ ಆಲ್ಬಂ ಮಾಡಿದರು. ಎಂಟು ನಿಮಿಷದ ‘ಪಾಯಿನ್ಸಿಯಾನ’ ಅದರಲ್ಲೇ ಇರುವುದು. ಡ್ರಮ್ಸ್‌ನಲ್ಲಿ ವರ್ನೆಲ್ ಫೋರ್ನಿಯರ್ ಒಂದು ತೂಗಾಟ ಹಿಡಿದು ಬಿಡುವುದೇ ಇಲ್ಲ, ಇಸ್ರೇಲ್ ಕ್ರಾಸ್ಬಿ ಬಾಸ್ ಕೆಳಗಿನಿಂದ ಎತ್ತಿ ಹಿಡಿಯುತ್ತದೆ. ಜಮಾಲ್ ನಾಲ್ಕು ಸ್ವರ ನುಡಿಸಿ ಕೈ ಎತ್ತಿ ಕೂತುಬಿಡುತ್ತಾರೆ. ಎಲ್ಲಿ ನುಡಿಸಬಾರದು ಅಂತ ಅವರಷ್ಟು ಚೆನ್ನಾಗಿ ತಿಳಿದವರು ಕಡಿಮೆ. 43ರಲ್ಲಿ 35ನ್ನು ಪಕ್ಕಕ್ಕಿಟ್ಟದ್ದು ಅದೇ ಕೈ, ಅದೇ ಕಿವಿ. ಆರ್ಗೊ ಕಂಪನಿಗೆ ಅವರು ಆ ಕಾಲದಲ್ಲಿ ಮಾಡಿದ ರೆಕಾರ್ಡಿಂಗುಗಳನ್ನು ಮೊಸೇಯಿಕ್ ಕಂಪನಿ ಒಂಬತ್ತು ಸಿ.ಡಿ.ಗಳ ಬಾಕ್ಸಾಗಿ 2010ರಲ್ಲಿ ತಂದಿತು. ಮೊಸೇಯಿಕ್‌ನವರು ಇಷ್ಟೇ ಪ್ರತಿ ಅಂತ ಲೆಕ್ಕ ಇಟ್ಟು ಮಾಡುತ್ತಾರೆ. ಅದು ಖರ್ಚಾದರೆ ಆಮೇಲೆ ಸೆಕೆಂಡ್ ಹ್ಯಾಂಡೇ ಗತಿ, ಬೆಲೆ ಏರುತ್ತಲೇ ಹೋಗುತ್ತದೆ. ಜಮಾಲ್ ಅಂದರೆ ಪ್ರಾಣ ಬಿಡುವವರಿಗೆ ಅದು ದೊಡ್ಡ ಆಸ್ತಿ, ಒಪ್ಪುತ್ತೇನೆ. ಆದರೆ ಇನ್ನೂ ಜಮಾಲ್ ಕೇಳದವರಿಗೆ ನಾನು ಕೊಡುವುದು ಆ ಎಂಟು ಹಾಡಿನ ಆಲ್ಬಂ.

ಮಂಕ್ ವಿಷಯದಲ್ಲಂತೂ ನನಗೆ ಅನುಮಾನವೇ ಇಲ್ಲ. ‘ಬ್ರಿಲಿಯಂಟ್ ಕಾರ್ನರ್ಸ್’ ತೆಗೆದುಕೊಳ್ಳಿ. 1956ರ ಅಕ್ಟೋಬರ್ ಮತ್ತು ಡಿಸೆಂಬರಿನಲ್ಲಿ ರೆಕಾರ್ಡ್ ಮಾಡಿದ್ದು, 1957ರಲ್ಲಿ ಬಂತು. ಅದರ ಹೆಸರಿನ ಹಾಡು ಎಷ್ಟು ಕಷ್ಟದ್ದು ಅಂದರೆ, ಸ್ಯಾಕ್ಸೊಫೋನಿಗೆ ಸಾನಿ ರಾಲಿನ್ಸ್, ಡ್ರಮ್ಸ್‌ಗೆ ಮ್ಯಾಕ್ಸ್ ರೋಚ್ ಅಂಥವರು ಇದ್ದೂ 25 ಸಲ ಪ್ರಯತ್ನ ಮಾಡಿದರೂ ಒಂದೂ ಪೂರ್ತಿ ಸರಿಯಾಗಲಿಲ್ಲ. ಕೊನೆಗೆ ಕೀಪ್‌ನ್ಯೂಸ್ ಬೇರೆ ಬೇರೆ ತುಂಡುಗಳನ್ನು ಅಂಟಿಸಿ ಹಾಡು ಮಾಡಿದರು. ಅಂದರೆ ನಾವು ಕೇಳುವ ಆ ಹಾಡನ್ನು ಯಾರೂ ಒಂದೇ ಉಸಿರಿಗೆ ನುಡಿಸಿಲ್ಲ. ಅದು ಹುಟ್ಟಿದ್ದೇ ಆಲ್ಬಂ ಮಾಡುವ ಮೇಜಿನ ಮೇಲೆ.

ಆಲ್ಬಂ ಶುರುವಾಗುವುದು ಆ ಹಾಡಿನಿಂದಲೇ. ಆಮೇಲೆ ನಿಧಾನದ ಒಂದು ಬ್ಲೂಸ್. ಅದರ ನಂತರ ‘ಪನೋನಿಕ’. ಸ್ಟುಡಿಯೋದಲ್ಲಿ ಸೆಲೆಸ್ಟಾ ಅನ್ನುವ ವಾದ್ಯ ಕಣ್ಣಿಗೆ ಬಿದ್ದು, ಮಂಕ್ ಒಂದು ಕೈಯಲ್ಲಿ ಅದನ್ನೂ ಇನ್ನೊಂದು ಕೈಯಲ್ಲಿ ಪಿಯಾನೊವನ್ನೂ ನುಡಿಸಿದ್ದು ಇದರಲ್ಲೇ. ಕೊನೆಯ ಹಾಡಿನಲ್ಲಿ ರೋಚ್ ನಗಾರಿಯಂಥ ಟಿಂಪನಿ ಬಾರಿಸುತ್ತಾರೆ. ಮಂಕ್ ರಿವರ್‌ಸೈಡ್ ಕಂಪನಿಗೆ ಮಾಡಿದ್ದೆಲ್ಲ 15 ಸಿ.ಡಿ.ಗಳ ಬಾಕ್ಸಿನಲ್ಲಿದೆ, ಆದರೆ ರೆಕಾರ್ಡ್ ಮಾಡಿದ ದಿನಾಂಕದ ಪ್ರಕಾರ. ‘ಬ್ರಿಲಿಯಂಟ್ ಕಾರ್ನರ್ಸ್’ ಹಾಡು ರೆಕಾರ್ಡ್ ಆದದ್ದು ಬ್ಲೂಸ್ ಮತ್ತು ‘ಪನೋನಿಕ’ ಆದ ಮೇಲೆ. ಹಾಗಾಗಿ ಬಾಕ್ಸಿನಲ್ಲಿ ಬಾಗಿಲು ತೆರೆಯಬೇಕಾದ ಹಾಡೇ ಒಳಗೆಲ್ಲೋ ಹೋಗಿ ಕೂತಿದೆ. ಇತಿಹಾಸ ಬರೆಯುವವರಿಗೆ ಅದು ಬೇಕು. ಕೇಳುವವರಿಗೆ ಐದು ಹಾಡಿನ ಆ ಆಲ್ಬಂ, ಅದೇ ಕ್ರಮದಲ್ಲಿ ಬೇಕು.

ಹಾಗಾಗಿ ಕೊಳ್ಳುವ ಮೊದಲು ನಾನು ಒಂದೇ ಮಾತು ಕೇಳಿಕೊಳ್ಳುತ್ತೇನೆ. ಇದು ಒಂದೇ ಸಲ ಕೂತು ನುಡಿಸಿದ್ದನ್ನು ಆಮೇಲೆ ಯಾರೋ ಭಾಗ ಮಾಡಿದ್ದೋ, ಇಲ್ಲ ಆಲ್ಬಂ ಅಂತಲೇ ಕಟ್ಟಿದ್ದೋ? ಮೊದಲನೆಯದಾದರೆ ಬಾಕ್ಸ್. ಎರಡನೆಯದಾದರೆ ಬಿಡಿ. ಜಮಾಲ್ ಹಾಗೆ ನುಡಿಸಿದವರು ತಾವೊಬ್ಬರೇ ಕೂತು ಆರಿಸಿದ್ದರೆ ಆಗಲೂ ಬಿಡಿಯೇ.

ಪಿಯಾನೊ ವಾದಕ ಆರ್ಟ್ ಟೇಟಮ್ ಮಾತ್ರ ಈ ಲೆಕ್ಕಕ್ಕೆ ಸಿಗುವುದಿಲ್ಲ. 1953ರ ಡಿಸೆಂಬರಿನಲ್ಲಿ ನಿರ್ಮಾಪಕ ನಾರ್ಮನ್ ಗ್ರಾಂಜ್ ಟೇಟಮ್ ಅವರನ್ನು ಪಿಯಾನೊ ಮುಂದೆ ಕೂರಿಸಿ, ನಿಮಗೆ ಬೇಕಾದ್ದು ನುಡಿಸಿ ಅಂದುಬಿಟ್ಟರು. ಎರಡೇ ದಿನದಲ್ಲಿ 69 ಹಾಡು! ಆಲ್ಬಂ ಅನ್ನುವ ಯೋಚನೆಯೇ ಅಲ್ಲಿರಲಿಲ್ಲ. ಅಂದಮೇಲೆ ಏಳು ಸಿ.ಡಿ.ಗಳ ಬಾಕ್ಸೇ ಸರಿ ಅನ್ನಬೇಕು. ಆದರೆ ನಾನು ಬಿಡಿ ಸಂಪುಟಗಳನ್ನೇ ತರಿಸುತ್ತಿದ್ದೇನೆ, ಒಟ್ಟು ಎಂಟು ಇವೆ. ಟೇಟಮ್ ನುಡಿಸುವುದು ಅಷ್ಟು ದಟ್ಟ. ಏಳೆಂಟು ಹಾಡು ಕೇಳುವಷ್ಟರಲ್ಲಿ ನನ್ನ ಕಿವಿ ತುಂಬಿಹೋಗುತ್ತದೆ. ಒಂದೊಂದೇ ಸಂಪುಟ ಕೈಗೆ ಬಂದರೆ ಅದನ್ನೇ ಮತ್ತೆ ಮತ್ತೆ ಕೇಳಿ ಹತ್ತಿರ ಮಾಡಿಕೊಳ್ಳಬಹುದು. ಏಳೂ ಒಟ್ಟಿಗೆ ಬಂದಿದ್ದರೆ ಐದನೆಯದರ ಹೊತ್ತಿಗೆ ನಾನು ಕೇಳುವುದನ್ನು ಬಿಟ್ಟು, ಸುಮ್ಮನೆ ಸಿ.ಡಿ. ಹಾಕಿಟ್ಟುಕೊಂಡು ಅಡುಗೆ ಮಾಡುತ್ತಿರುತ್ತಿದ್ದೆ. ಟೇಟಮ್ ಅಂಥವರಿಗೆ ಅದು ಸಲ್ಲದು.

ಇನ್ನು ನಮ್ಮ ಕಡೆಯವರು ಯೋಚಿಸಲೇಬೇಕಾದ್ದು ಮಳೆ. ತೋಟದವರೆಲ್ಲ ಮಳೆಯನ್ನು ಇಂಚಿನಲ್ಲಿ, ಸೆಂಟಿನಲ್ಲಿ (ಇಂಚಿನ ನೂರನೇ ಒಂದು ಪಾಲು) ಬರೆದಿಡುತ್ತೇವೆ. ಮನೆಯೊಳಗಿನ ತೇವವನ್ನು ಅಳೆಯುವವರಿಲ್ಲ. ಜೂನಿನಿಂದ ಸೆಪ್ಟೆಂಬರ್ ತನಕ ಚಪ್ಪಲಿ, ಬೆಲ್ಟು, ಪುಸ್ತಕ ಯಾವುದನ್ನೂ ಬೂಷ್ಟು ಬಿಡುವುದಿಲ್ಲ. ಬಾಕ್ಸ್ ಸೆಟ್ಟಿನಲ್ಲಿ ಸಿ.ಡಿ.ಗೆ ಏನೂ ಆಗುವುದಿಲ್ಲ. ಮೊದಲು ಏಟು ಬೀಳುವುದು ರಟ್ಟಿಗೆ. ಮೂಲೆಯಲ್ಲಿ ಬಿಳಿ ಚುಕ್ಕೆ, ಎರಡು ದಿನ ಬಿಟ್ಟರೆ ಹಸಿರು. ಆಮೇಲೆ ಪುಸ್ತಕ. ಬಾಕ್ಸಿನ ಬೆಲೆಯಲ್ಲಿ ಅರ್ಧ ಆ ಪುಸ್ತಕಕ್ಕೇ ಅಂತ ನನ್ನ ಅಭಿಪ್ರಾಯ. ಯಾವ ದಿನ, ಯಾರು ಯಾರು, ಎಷ್ಟನೇ ಸಲದ್ದು, ಫೋಟೋಗಳು, ಎಲ್ಲ ಅದರಲ್ಲಿರುತ್ತದೆ. ಹೊಳಪಿನ ಕಾಗದ ತೇವ ಕುಡಿದರೆ ಹಾಳೆಗೆ ಹಾಳೆ ಅಂಟಿಕೊಳ್ಳುತ್ತದೆ. ಎಳೆದರೆ ಅಕ್ಷರ ಕಿತ್ತು ಬರುತ್ತದೆ. ಹಾಗಾಗಿ ಮೇ ಕೊನೆಗೆ ನಾನು ಪುಸ್ತಕಗಳನ್ನೆಲ್ಲ ತೆಗೆದು, ಸ್ಟೀಲ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಮುಚ್ಚಿಡುತ್ತೇನೆ. ಕಪಾಟಿನ ಕೆಳಗೆ ಒಂದು ಸಣ್ಣ ಬಲ್ಬ್ ಉರಿಯುತ್ತಿರುತ್ತದೆ. ಹಳೆಯ ಸೆಟ್ಟುಗಳಲ್ಲಿ ಸಿ.ಡಿ. ಮೇಲೆ ತೆಳು ಸ್ಪಂಜಿನ ಬಿಲ್ಲೆ ಇಟ್ಟಿರುತ್ತಾರೆ. ಕಂಡ ಕೂಡಲೇ ಅದನ್ನು ಬಿಸಾಕಿ. ಅದು ಕರಗಿ ಸಿ.ಡಿ.ಗೆ ಅಂಟಿಕೊಂಡರೆ ಹಾಳು.

ಎಲ್.ಪಿ. (ಗ್ರಾಮಫೋನ್ ತಟ್ಟೆ) ಇಷ್ಟಪಡುವವರಿಗೆ ಈಗ ಒಳ್ಳೆಯ ಕಾಲ. ಹಳೆಯ ಆಲ್ಬಂಗಳನ್ನು ಮತ್ತೆ ಅಚ್ಚು ಹಾಕುವ ಬ್ಲೂ ನೋಟ್ ಕಂಪನಿಯ ಟೋನ್ ಪೊಯೆಟ್ ಸರಣಿ 2019ರಿಂದ ಬರುತ್ತಿದೆ. ಅಂಥದ್ದೇ ಒರಿಜಿನಲ್ ಜಾಝ್ ಕ್ಲಾಸಿಕ್ಸ್ ಸರಣಿಯನ್ನು ಕ್ರಾಫ್ಟ್‌ನವರು 2023ರಲ್ಲಿ ಮತ್ತೆ ಶುರು ಮಾಡಿದರು. 180 ಗ್ರಾಂ ತೂಕದ ಎಲ್.ಪಿ., ಮೂಲ ಟೇಪಿನಿಂದ ಮಾಡಿದ್ದು, ಗಟ್ಟಿ ಹೊದಿಕೆ. ಹಿಂಬದಿಯ ಬರಹ ಭೂತಗನ್ನಡಿ ಇಲ್ಲದೆ ಓದಬಹುದು. ನಮ್ಮ ಮನೆಯ ತೇವಕ್ಕೆ ಹೆದರಿ ನಾನು ಕೆಲವನ್ನಷ್ಟೇ ಕೊಂಡಿದ್ದೇನೆ.

ಅಗ್ಗದ ಸೆಟ್ಟುಗಳ ಬಗ್ಗೆ ಒಂದು ಮಾತು. ಎಂಟು ಆಲ್ಬಂ, ನಾಲ್ಕು ಸಿ.ಡಿ. ಅಂತ ಬರುತ್ತವಲ್ಲ, ಅವು. 1962ರವರೆಗೆ ಬಿಡುಗಡೆಯಾದ ರೆಕಾರ್ಡಿಂಗುಗಳ ಹಕ್ಕಿನ ಅವಧಿ ಯುರೋಪಿನಲ್ಲಿ ಮುಗಿದಿದೆ. ಹಾಗಾಗಿ ಅಲ್ಲಿ ಯಾರು ಬೇಕಾದರೂ ಅಚ್ಚು ಹಾಕಬಹುದು. ಎಷ್ಟೋ ಸೆಟ್ಟುಗಳಲ್ಲಿ ಯಾವ ಟೇಪಿನಿಂದ ತೆಗೆದದ್ದು ಅಂತ ಹೇಳುವುದಿಲ್ಲ. ಕೆಲವೊಮ್ಮೆ ಒಂದು ಆಲ್ಬಂ ಅರ್ಧ ಈ ಸಿ.ಡಿ.ಯಲ್ಲಿ, ಅರ್ಧ ಮುಂದಿನದರಲ್ಲಿ ಇರುತ್ತದೆ. ಬಾಕ್ಸಿನ ಪೂರ್ತಿತನವೂ ಇಲ್ಲ, ಆಲ್ಬಂನ ಆಕಾರವೂ ಇಲ್ಲ. ಕಾಲೇಜಿನ ಮಕ್ಕಳು ಕಡಿಮೆ ದುಡ್ಡಲ್ಲಿ ಕೇಳಲಿ ಅಂತಾದರೆ ಸರಿ. ಒಮ್ಮೆ ಕೊಂಡು ಜೀವನವಿಡೀ ಇಟ್ಟುಕೊಳ್ಳಲು ಅಲ್ಲ.

ಈ ವರ್ಷದ ಕಾಫಿ ಹಣದಲ್ಲಿ ತರಿಸುತ್ತಿರುವುದು ಪಿಯಾನೊ ವಾದಕ ಹರ್ಬಿ ನಿಕಲ್ಸ್ ಅವರ ಮೂರು ಸಿ.ಡಿ.ಗಳ ಸೆಟ್. ಬ್ಲೂ ನೋಟ್‌ನವರು 1997ರಲ್ಲಿ ತಂದದ್ದು. ಬಿಲ್ಲಿ ಹಾಲಿಡೇ ಹಾಡಿದ ‘ಲೇಡಿ ಸಿಂಗ್ಸ್ ದ ಬ್ಲೂಸ್’ ಹಾಡಿನ ರಾಗ ಇವರದ್ದೇ. ಎಷ್ಟು ಜನಕ್ಕೆ ಗೊತ್ತು? 1955 ಮತ್ತು 56ರಲ್ಲಿ ಆರ್ಟ್ ಬ್ಲೇಕಿ, ಮ್ಯಾಕ್ಸ್ ರೋಚ್ ಅವರಂಥ ಡ್ರಮ್ಮರುಗಳ ಜೊತೆ ಒಂದಕ್ಕಿಂತ ಒಂದು ಹೊಸ ಥರದ ರಚನೆಗಳನ್ನು ರೆಕಾರ್ಡ್ ಮಾಡಿದರು. ಅದರಲ್ಲಿ ಸ್ವಲ್ಪವೇ ಆಗ ಹೊರಬಂತು. ಉಳಿದದ್ದು ಟೇಪಿನಲ್ಲೇ ಉಳಿಯಿತು. 1963ರಲ್ಲಿ, 44ನೇ ವಯಸ್ಸಿಗೆ ತೀರಿಕೊಂಡರು. ಇಂಥವರಿಗೆ ಬಿಡಿ ಆಲ್ಬಂ ಸಾಲದು. ಬದುಕಿದ್ದಾಗ ಅವರಿಗೆ ಎಷ್ಟು ಹೊರತರಲು ಬಿಟ್ಟರೋ ಅಷ್ಟೇ ಬಿಡಿ ಆಲ್ಬಂಗಳಲ್ಲಿ ಇರುವುದು. ಬ್ಲೂ ನೋಟ್‌ಗೆ ಅವರು ಮಾಡಿದ್ದೆಲ್ಲ ಒಟ್ಟಿಗೆ ಸಿಗುವುದು ಬಾಕ್ಸಿನಲ್ಲಿ.

ಅಣ್ಣನ ಮಗ ಒಂದು ಸೆಕೆಂಡ್ ಹ್ಯಾಂಡ್ ಪ್ರತಿ ನೋಡಿಟ್ಟಿದ್ದಾನೆ. ಒಳಗೆ ಪುಸ್ತಕ ಇದೆಯಾ, ಹಾಳೆ ಅಂಟಿಕೊಂಡಿಲ್ಲ ತಾನೆ, ಎರಡೂ ಕೇಳಿಕೊಂಡು ಆಮೇಲೆ ದುಡ್ಡು ಕಳಿಸು ಅಂತ ಹೇಳಿದ್ದೇನೆ.