"ಏಳನೇದು ಏನಿತ್ತು, ಮಿಸ್?"

ಹೋದ ವರ್ಷ ಹತ್ತನೇ ತರಗತಿಯ ಹೃದಯದ ಪಾಠಕ್ಕೆ ಒಂದು ಸ್ಲೈಡ್ ಮಾಡಿದ್ದೆ. ಇಡೀ ಭಾನುವಾರ ಅದಕ್ಕೇ ಹೋಗಿತ್ತು. ಮೇಲೆ ಹೃದಯದ ಸೀಳುನೋಟ, ಅದರ ಮೇಲೆ 1ರಿಂದ 8ರವರೆಗೆ ನಂಬರು. ಕೆಳಗೆ ಪಟ್ಟಿ. 1 ಮಹಾ ಅಭಿಧಮನಿ, 2 ಬಲ ಹೃತ್ಕರ್ಣ... ನೋಡೋಕೆ ಬಹಳ ನೀಟಾಗಿತ್ತು.

ಪಾಠ ಶುರುವಾಗಿ ಐದು ನಿಮಿಷವೂ ಆಗಿರಲಿಲ್ಲ. ಹಿಂದಿನ ಬೆಂಚಿನಿಂದ ಒಂದು ದನಿ: "ಏಳನೇದು ಏನಿತ್ತು, ಮಿಸ್?"

ಆಗ ಪರದೆ ಬಿಟ್ಟು ಮಕ್ಕಳ ಮುಖ ನೋಡಿದೆ. ಎಲ್ಲರ ಕಣ್ಣೂ ಮೇಲೆ, ಕೆಳಗೆ, ಮತ್ತೆ ಮೇಲೆ. ನಂಬರು ನೋಡಬೇಕು, ಪಟ್ಟಿಗೆ ಇಳಿದು ಹೆಸರು ಹುಡುಕಬೇಕು, ವಾಪಸ್ ಹತ್ತಬೇಕು. ಅಷ್ಟರಲ್ಲಿ ರಕ್ತ ಎಲ್ಲಿಂದ ಎಲ್ಲಿಗೆ ಹೊರಟಿತ್ತು ಅನ್ನೋದೇ ಮರೆತುಹೋಗಿರುತ್ತದೆ. ಪಾಪ, ಅವರು ಕಲಿಯುತ್ತಿರಲಿಲ್ಲ, ಹುಡುಕುತ್ತಿದ್ದರು.

ಅಮೆರಿಕದ ಸಂಶೋಧಕರಾದ ರೊಕ್ಸಾನಾ ಮೊರೆನೊ ಮತ್ತು ರಿಚರ್ಡ್ ಮೇಯರ್ 1999ರಲ್ಲಿ ಇದನ್ನೇ ಪರೀಕ್ಷೆ ಮಾಡಿದ್ದರು. ಮಿಂಚು ಹೇಗೆ ಹುಟ್ಟುತ್ತದೆ ಅನ್ನೋ ಅನಿಮೇಷನ್. ಒಂದು ಗುಂಪಿಗೆ ವಿವರಣೆ ಚಿತ್ರದ ಪಕ್ಕದಲ್ಲೇ, ಇನ್ನೊಂದಕ್ಕೆ ದೂರ, ಪರದೆಯ ಕೆಳಗೆ. ಅವೇ ಮಾತು, ಅದೇ ಚಿತ್ರ. ಪಕ್ಕದಲ್ಲಿ ಓದಿದವರಿಗೆ ಚೆನ್ನಾಗಿ ಅರ್ಥವಾಗಿತ್ತು. ಮೂರನೇ ಗುಂಪಿಗೆ ಓದಲು ಏನೂ ಇರಲಿಲ್ಲ, ಅದನ್ನೇ ಬಾಯಲ್ಲಿ ಹೇಳಿದ್ದರು. ಅವರು ಇನ್ನೂ ಮುಂದೆ. ನಮ್ಮ ಕಾಲದ ಮೇಷ್ಟ್ರು ಬೋರ್ಡಿನ ಮೇಲೆ ಬೆರಳಿಟ್ಟುಕೊಂಡೇ "ಇಲ್ಲಿ ನೋಡ್ರೋ" ಅಂತ ಹೇಳಿಕೊಡುತ್ತಿದ್ದರಲ್ಲ, ಹಾಗೆ.

ಇಷ್ಟೆಲ್ಲ ಗೊತ್ತಿದ್ದೂ ನಾನ್ಯಾಕೆ ನಂಬರು ಹಾಕಿದೆ? ಜಾಗ ಸಾಲದೆ. ಇಂಗ್ಲಿಷ್ ಮೀಡಿಯಂನವರು ಬಲ ಹೃತ್ಕರ್ಣಕ್ಕೆ (ರೈಟ್ ಏಟ್ರಿಯಂ) 'ಆರ್‌ಎ' ಅಂತ ಎರಡಕ್ಷರ ಬರೆದು ಮುಗಿಸಬಹುದು. ಶ್ವಾಸಕೋಶದಿಂದ ರಕ್ತ ತರುವ ನಾಳಕ್ಕೆ ನಮ್ಮದು 'ಪುಪ್ಪುಸಕ ಅಭಿಧಮನಿ'. ರಕ್ತನಾಳಕ್ಕಿಂತ ಅದರ ಹೆಸರೇ ದಪ್ಪ! ಅಕ್ಷರ ಚಿಕ್ಕದು ಮಾಡಿದರೆ ಪ್ರೊಜೆಕ್ಟರಿನಲ್ಲಿ ಒತ್ತಕ್ಷರ ಎಲ್ಲ ಚುಕ್ಕಿಯಾಗುತ್ತದೆ. ಹಿಂದಿನ ಬೆಂಚಿಗೆ ಮೇಲಿನ ಕೋಣೆ ಹೃತ್ಕರ್ಣವೂ ಒಂದೇ, ಕೆಳಗಿನ ಕೋಣೆ ಹೃತ್ಕುಕ್ಷಿಯೂ ಒಂದೇ. ಅದಕ್ಕೇ ಕನ್ನಡದಲ್ಲಿ ಹೆಸರುಗಳು ಇಷ್ಟು ಸಲೀಸಾಗಿ ಚಿತ್ರ ಬಿಟ್ಟು ಕೆಳಗೆ ಜಾರುತ್ತವೆ.

ಈ ವರ್ಷ ಹೃದಯವನ್ನೇ ಎರಡು ಮಾಡಿದೆ. ಮೊದಲ ಸ್ಲೈಡಿನಲ್ಲಿ ಬಲಭಾಗ ಮಾತ್ರ, ನೀಲಿ ಬಣ್ಣ, ಪರದೆ ತುಂಬ. ನಾಲ್ಕೇ ಹೆಸರು. ಹೃತ್ಕರ್ಣ, ಹೃತ್ಕುಕ್ಷಿ ಆಯಾ ಕೋಣೆಯ ಒಳಗೇ. ನಾಳದ ಹೆಸರು ಎರಡು ಸಾಲಾಗಿ ನಾಳದ ಪಕ್ಕ. ಬಾಣದ ತುದಿಯಲ್ಲೇ 'ಶ್ವಾಸಕೋಶಕ್ಕೆ'. ಎರಡನೇ ಸ್ಲೈಡಿನಲ್ಲಿ ಎಡಭಾಗ, ಕೆಂಪು. ಹೃದಯದ ಎಡ ಚಿತ್ರದಲ್ಲಿ ನಮ್ಮ ಬಲಗಡೆ ಬರುತ್ತದಲ್ಲ, ಆ ಗೊಂದಲವೂ ಕಡಿಮೆಯಾಯಿತು.

ಆದರೆ ಹುರುಪಿನಲ್ಲಿ ಒಂದು ಎಡವಟ್ಟು ಮಾಡಿದ್ದೆ. ಪಕ್ಕದಲ್ಲಿರಬೇಕು ಅಂತ ಪ್ರತಿ ಬಾಣಕ್ಕೂ ಒಂದೊಂದು ವಾಕ್ಯ ಅಂಟಿಸಿದ್ದೆ. ಮುಂದಿನ ಬೆಂಚಿನ ಹುಡುಗಿ, ಚೆನ್ನಾಗಿ ಓದುವವಳು, "ಬಾಣ ನೋಡಿದ್ರೆ ಗೊತ್ತಾಗುತ್ತೆ ಮಿಸ್, ಬರೆದಿದ್ದೇ ಅಡ್ಡ ಬರ್ತಿದೆ" ಅಂದಳು. ಸಂಶೋಧಕರಾದ ಪಾಲ್ ಚಾಂಡ್ಲರ್ ಮತ್ತು ಜಾನ್ ಸ್ವೆಲ್ಲರ್ 1991ರಲ್ಲಿ ಆಸ್ಟ್ರೇಲಿಯಾದಲ್ಲಿ ಕಂಡುಕೊಂಡಿದ್ದೂ ಇದೇ, ಅದೂ ಹೃದಯದ ರಕ್ತಪರಿಚಲನೆಯ ಚಿತ್ರದಲ್ಲೇ! ಚಿತ್ರವೇ ಹೇಳುವುದನ್ನು ಮತ್ತೆ ಬರೆದರೆ ಕಲಿಕೆಗೆ ತೊಡಕು, ಎಷ್ಟು ಹತ್ತಿರ ಬರೆದರೂ. ವಾಕ್ಯಗಳನ್ನೆಲ್ಲ ಅಳಿಸಿದೆ. ಈಗ ಬಾಯಲ್ಲಿ ಹೇಳುತ್ತೇನೆ.

ಮೊನ್ನೆ ಯೂನಿಟ್ ಟೆಸ್ಟಿನಲ್ಲಿ ಹೃದಯದ ಚಿತ್ರ ಬರೆದು ಭಾಗ ಗುರುತಿಸಲು ಕೊಟ್ಟಿದ್ದೆ. ಒಬ್ಬ ಮಾತ್ರ ನಂಬರು ಹಾಕಿ ಕೆಳಗೆ ಪಟ್ಟಿ ಬರೆದಿದ್ದ.

"ಇದೆಲ್ಲಿಂದ ಬಂತೋ?"

"ಅಣ್ಣನ ನೋಟ್ಸಿಂದ, ಮಿಸ್. ಹೋದ್ವರ್ಷ ನೀವೇ ಬರೆಸಿದ್ದಂತೆ."

ಆರು ಮತ್ತು ಏಳು ಅದಲುಬದಲಾಗಿದ್ದವು.